ಪದಚರ್ಚೆ: ಗೊಬ್ಬರದ ಸಾರಜನಕ ‘ನಷ್ಟ’ವೋ ‘ಹೊರಸೂಸುವಿಕೆ’ಯೋ?

ಬಲ್ಲವರು ದಾರಿ ತೋರಿಸಬೇಕು.

ಗೋಧಿ, ಮೆಕ್ಕೆಜೋಳ, ಭತ್ತಕ್ಕೆ ಹಾಕುವ ಗೊಬ್ಬರಕ್ಕೂ ಹವಾಮಾನಕ್ಕೂ ಇರುವ ನಂಟಿನ ಬಗ್ಗೆ ಒಂದು ಬರಹ ತಿದ್ದುತ್ತಿದ್ದೇನೆ. ಅದರಲ್ಲಿ ‘ಸಾರಜನಕದ ಹೊರಸೂಸುವಿಕೆ’ ಎಂಬ ಪ್ರಯೋಗ ಮತ್ತೆ ಮತ್ತೆ ಬರುತ್ತದೆ. ನನಗೇನೋ ಒಪ್ಪಿಗೆಯಿಲ್ಲ. ಗಾಳಿಯಲ್ಲಿ ಶೇ 78ರಷ್ಟು ಇರುವುದೇ ಸಾರಜನಕ. ಹೊಲದ ಸಾರಜನಕ ಹಾಗೆಯೇ ಗಾಳಿಗೆ ಮರಳಿದರೆ ಭೂಮಿ ಬಿಸಿಯಾಗದು. ಬಿಸಿ ಮಾಡುವುದು ಸಾರಜನಕವು ಆಮ್ಲಜನಕದೊಡನೆ ಸೇರಿ ಆಗುವ ನೈಟ್ರಸ್ ಆಕ್ಸೈಡ್ ಅನಿಲ.

ಹಾಗೆಂದು ‘ನಷ್ಟ’ ಎಂದು ಬರೆದರೂ ತೊಡಕು ತಪ್ಪದು. ಯೂರಿಯಾವನ್ನು ಮೇಲೆ ಎರಚಿ ಮಣ್ಣಿಗೆ ಸೇರಿಸದೆ ಬಿಟ್ಟರೆ ಅಮೋನಿಯಾ ಆಗಿ ಹಾರಿಹೋಗುತ್ತದೆ. ನೀರು ಹೆಚ್ಚಾದರೆ ನೈಟ್ರೇಟ್ ಆಗಿ ಬಸಿದುಹೋಗುತ್ತದೆ. ಇವೆರಡೂ ಭೂಮಿಯನ್ನು ಬಿಸಿ ಮಾಡುವ ಹಸಿರುಮನೆ ಅನಿಲಗಳಲ್ಲ, ಆದರೆ ಬೇರೆಲ್ಲೋ ಸೇರಿ ಅಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುವುದುಂಟು. ಇನ್ನೊಂದಿಷ್ಟನ್ನು ಹೊಲದ ಮಣ್ಣಿನ ಸೂಕ್ಷ್ಮಜೀವಿಗಳೇ ನೇರವಾಗಿ ಆ ಅನಿಲವಾಗಿಸುತ್ತವೆ.

ಈ ಕೊನೆಯದರ ಲೆಕ್ಕ ನೋಡಿ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿ ಹಾಕಿದ ಸಾರಜನಕದ ಶೇ 1 ಭಾಗ ಹೀಗೆ ಹೋಗುತ್ತದೆಂದು ಹಿಡಿಯುತ್ತದೆ (ಭತ್ತದ ಗದ್ದೆಗೆ ಇನ್ನೂ ಕಡಿಮೆ). 100 ಕೆಜಿ ಸಾರಜನಕದಲ್ಲಿ 1 ಕೆಜಿ ಹೋದರೆ ರೈತರು ಅದನ್ನು ನಷ್ಟವೆಂದು ಎಣಿಸುವುದೇ ಇಲ್ಲ. ಆದರೆ ಅದು ಆಮ್ಲಜನಕ ಸೇರಿ ನೈಟ್ರಸ್ ಆಕ್ಸೈಡ್ ಆದಾಗ ತೂಕ 1.57 ಕೆಜಿ. ನೂರು ವರ್ಷದ ಲೆಕ್ಕದಲ್ಲಿ ಅದರ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡ್‌ನ 273 ಪಟ್ಟು. ಅಂದರೆ ಸುಮಾರು 430 ಕೆಜಿ ಡೈಆಕ್ಸೈಡ್‌ಗೆ ಸಮ! ಜೇಬಿಗೆ ಹಗುರ, ಹವಾಮಾನಕ್ಕೆ ಭಾರ. ‘ನಷ್ಟ’ ಎಂಬ ಒಂದೇ ಪದ ಈ ವ್ಯತ್ಯಾಸವನ್ನು ನುಂಗಿಬಿಡುತ್ತದೆ.

ನನ್ನ ಸಲಹೆ: ಅಮೋನಿಯಾಕ್ಕೆ ‘ಹಾರಿಕೆ’, ನೈಟ್ರೇಟ್‌ಗೆ ‘ಬಸಿಕೆ’ ಇರಲಿ. ‘ಹೊರಸೂಸುವಿಕೆ’ಯನ್ನು ಹಸಿರುಮನೆ ಅನಿಲಗಳಿಗೇ ಮೀಸಲಿಡೋಣ, ಅದೂ ಅನಿಲದ ಹೆಸರು ಹೇಳಿಯೇ. ಭತ್ತದ ಗದ್ದೆಯ ನೀರನ್ನು ನಡುವೆ ಬಸಿದರೆ ಇನ್ನೊಂದು ಹಸಿರುಮನೆ ಅನಿಲವಾದ ಮೀಥೇನ್ ಇಳಿಯುತ್ತದೆ, ನೈಟ್ರಸ್ ಆಕ್ಸೈಡ್ ಏರಬಹುದು. ಅಲ್ಲಿ ಬರೀ ‘ಹೊರಸೂಸುವಿಕೆ ಇಳಿಯಿತು’ ಎಂದರೆ ಯಾವುದು ಇಳಿದದ್ದು?

ಜೊತೆಗೆ ಇನ್ನೊಂದು ಪ್ರಶ್ನೆ. ಪೈರಿನ ಬೇಡಿಕೆ ನೋಡಿಕೊಂಡು ಗೊಬ್ಬರವನ್ನು ಪಾಲು ಮಾಡಿ ಹಾಕುವ ಕ್ರಮಕ್ಕೆ ಬರಹದಲ್ಲಿ ‘ಮೇಲುಗೊಬ್ಬರ’ ಎಂದಿದೆ. ಅದು ಬಿತ್ತನೆಯ ನಂತರದ ಪಾಲಿಗೆ ಮಾತ್ರ ಹೊಂದುವ ಹೆಸರಲ್ಲವೇ? ಇಡೀ ಕ್ರಮಕ್ಕೆ ‘ಕಂತುಗೊಬ್ಬರ’ ಎನ್ನಬಹುದೇ, ಅಥವಾ ರೈತರ ಬಾಯಲ್ಲಿ ಆಗಲೇ ಬೇರೆ ಪದವಿದೆಯೇ?