ಸ್ಕಾರ್ಸೆಸಿ ಮತ್ತು ದೇವರು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:
ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅಂದ್ರೆ ಬರೀ ಗ್ಯಾಂಗ್‌ಸ್ಟರ್ ಕಥೆ ಅಂದ್ಕೊಂಡಿದ್ದೆ. ನಿನ್ನೆ ರಾತ್ರಿ ಅವರ ‘ಸೈಲೆನ್ಸ್’ (2016) ಸಿನಿಮಾ ನೋಡಿದೆ. ಜಪಾನಿನಲ್ಲಿ ಧರ್ಮ ಬಿಡು ಅಂತ ಬಲವಂತಕ್ಕೆ ಸಿಕ್ಕ ಆ ಪಾದ್ರಿ ಕ್ರಿಸ್ತನ ಮುಖ ಕೆತ್ತಿದ ಫಲಕದ ಮೇಲೆ ಕಾಲಿಡೋ ಹೊತ್ತಿಗೆ ಸದ್ದೆಲ್ಲ ನಿಂತುಹೋಗುತ್ತಲ್ಲ, ಅಲ್ಲಿಂದ ನಿದ್ದೆ ಹತ್ತಲಿಲ್ಲ. ಈ ಮನುಷ್ಯನಿಗೆ ದೇವರ ಗೀಳು ಮೊದಲಿಂದಲೂ ಇತ್ತಾ?

ಉತ್ತರ 1:
ಮೊದಲಿಂದಲೂ. ನ್ಯೂಯಾರ್ಕಿನ ಲಿಟ್ಲ್ ಇಟಲಿಯಲ್ಲಿ ಬೆಳೆದ ಅಸ್ತಮಾ ಹುಡುಗ, ಪಾದ್ರಿಯಾಗಬೇಕು ಅಂತ ಸೆಮಿನರಿಗೂ (ಪಾದ್ರಿಗಳ ತರಬೇತಿ ಶಾಲೆ) ಸೇರಿದ್ದ, ಅಲ್ಲಿ ನಿಲ್ಲಲಿಲ್ಲ. ‘ಮೀನ್ ಸ್ಟ್ರೀಟ್ಸ್’ (1973) ನೋಡಿ. ಅದರ ನಾಯಕ ಚಾರ್ಲಿ ಚರ್ಚಿನ ಮೇಣದಬತ್ತಿಗೆ ಬೆರಳು ಒಡ್ಡುತ್ತಾನೆ, ನರಕದ ಬೆಂಕಿ ಎಷ್ಟು ಸುಡುತ್ತೆ ಅಂತ ಪರೀಕ್ಷೆ ಮಾಡೋ ಹಾಗೆ. ನನ್ನ ಲೆಕ್ಕದಲ್ಲಿ ಮುಂದಿನದ್ದೆಲ್ಲ ಆ ಬೆರಳಿನಲ್ಲೇ ಇದೆ.

ಉತ್ತರ 2:
ಅವರದೇ ‘ದಿ ಲಾಸ್ಟ್ ಟೆಂಪ್ಟೇಷನ್ ಆಫ್ ಕ್ರೈಸ್ಟ್’ ಬಿಟ್ಟುಬಿಟ್ರಲ್ಲ! ಕ್ರಿಸ್ತನನ್ನ ಆಸೆಗಳಿರೋ ಮನುಷ್ಯನಾಗಿ ತೋರಿಸಿದ್ದಕ್ಕೆ 1988ರಲ್ಲಿ ದೊಡ್ಡ ಗಲಾಟೆ ಆಗಿತ್ತು. ನನಗಂತೂ ಅದು ಸ್ವಲ್ಪ ಎಳೆದ ಹಾಗೆ ಅನ್ನಿಸಿತು, ಬೈಬೇಡಿ.

ಪ್ರಶ್ನೆ ಕೇಳಿದವರು:
ಬೈಯಲ್ಲ. ಆದರೆ ‘ಸೈಲೆನ್ಸ್’ ಯಾಕೆ ಅಷ್ಟು ತಡ?

ಉತ್ತರ 1:
ಸಿನಿಮಾಕ್ಕೆ ಮೂಲವಾದ ಜಪಾನಿ ಲೇಖಕ ಶುಸಾಕು ಎಂಡೊ ಕಾದಂಬರಿಯನ್ನ ಸ್ಕಾರ್ಸೆಸಿ ಓದಿದ್ದು 1989ರಲ್ಲಿ. ಅದನ್ನ ತೆರೆಗೆ ತರೋಕೆ ಕಾಲು ಶತಮಾನಕ್ಕೂ ಹೆಚ್ಚು ಹಿಡೀತು. ಕೊನೆಯ ಶಾಟ್‌ನಲ್ಲಿ ಆ ಪಾದ್ರಿಯ ಶವದ ಅಂಗೈಯೊಳಗೆ ಏನಿತ್ತು, ಗಮನಿಸಿದ್ರಾ?