ಅಪ್ಪನ ಎಂಪಿ3 ಪ್ಲೇಯರ್‌ನ ಪ್ಲೇ ಬಟನ್ ಸವೆದಿದೆ, ಮನೆಯಲ್ಲೇ ಸರಿ ಮಾಡಬಹುದಾ?

ಹತ್ತಿಹೊಲ, ರಾಯಚೂರು

ನಮಸ್ಕಾರ ಎಲ್ಲರಿಗೂ. ನಮ್ಮ ಅಪ್ಪನ ಹತ್ತಿರ ಒಂದು ಚಿಕ್ಕ ಎಂಪಿ3 ಪ್ಲೇಯರ್ ಇದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ಅಂಗಿ ಜೇಬಿನಲ್ಲಿ ಕೂರುತ್ತದೆ. ತಂದು ಏಳು ವರ್ಷ ಆಯ್ತು. ಹಾಡು ಚೆನ್ನಾಗೇ ಬರುತ್ತದೆ, ಬ್ಯಾಟರಿಯೂ ನಾಲ್ಕೈದು ತಾಸು ತಡೆಯುತ್ತದೆ. ತೊಂದರೆ ಇರೋದು ನಡುವಿನ ಪ್ಲೇ ಬಟನ್‌ದು ಮಾತ್ರ. ಉಗುರು ಬೆಳ್ಳಗಾಗುವ ಹಾಗೆ ಒತ್ತಬೇಕು. ಕೆಲವು ಸಲ ಒಂದೇ ಸಲ ಒತ್ತಿದರೂ ಹಾಡು ಶುರುವಾಗಿ ತಕ್ಷಣ ನಿಲ್ಲುತ್ತದೆ, ಇನ್ನು ಕೆಲವು ಸಲ ಪ್ಲೇ ಒತ್ತಿದರೆ ಮುಂದಿನ ಹಾಡಿಗೆ ಹೋಗಿಬಿಡುತ್ತದೆ, ಇದು ಯಾಕೆ ಅಂತ ನನಗೆ ಅರ್ಥವೇ ಆಗುತ್ತಿಲ್ಲ. ಬಟನ್ ಮೇಲಿದ್ದ ತ್ರಿಕೋನದ ಉಬ್ಬು ಗುರುತೂ ಸವೆದು ನುಣ್ಣಗಾಗಿದೆ.

ಇಲ್ಲಿ ಒಂದು ಅಂಗಡಿಯಲ್ಲಿ ತೋರಿಸಿದೆ. ಬಿಚ್ಚಿಯೂ ನೋಡಲಿಲ್ಲ, "ಇದಕ್ಕೆ ಯಾರೂ ಕೈ ಹಾಕಲ್ಲ, ಹೊಸದು ತಗೊಳ್ಳಿ" ಅಂದರು.

ಹೊಸದು ಬೇಡ ಅನ್ನೋದಕ್ಕೆ ಕಾರಣ ಇದೆ. ಅಪ್ಪನಿಗೆ ಗ್ಲಾಕೋಮಾ. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿಗೆ ಬೆಳಕು ನೆರಳು ಅಷ್ಟೇ ತಿಳಿಯುತ್ತದೆ. ಈ ಪ್ಲೇಯರ್‌ನ ಏಳೂ ಬಟನ್‌ಗಳು ಅವರ ಹೆಬ್ಬೆರಳಿಗೆ ಬಾಯಿಪಾಠ. ಬೆಳಿಗ್ಗೆ ಸಿದ್ದರಾಮ ಜಂಬಲದಿನ್ನಿಯವರ ವಚನ ಗಾಯನ, ರಾತ್ರಿ ಮಲಗುವ ಮುಂಚೆ ನಮ್ಮ ಅಮ್ಮ ಹೇಳಿದ ಸೋಬಾನೆ ಪದಗಳು. ಅವನ್ನು ಇದೇ ಪ್ಲೇಯರ್‌ನ ಮೈಕಿನಲ್ಲೇ ರೆಕಾರ್ಡ್ ಮಾಡಿದ್ದು. ಅಮ್ಮ ಈಗಿಲ್ಲ.

ನನ್ನ ಹತ್ತಿರ ಒಂದು ಮಲ್ಟಿಮೀಟರ್ ಇದೆ, 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿ ಇದೆ. ಪಂಪ್‌ಸೆಟ್ ಸ್ಟಾರ್ಟರ್, ಟಾರ್ಚ್ ಇವಕ್ಕೆಲ್ಲ ಕೈ ಹಾಕಿ ಅಭ್ಯಾಸ, ಆದರೆ ಇಷ್ಟು ಚಿಕ್ಕದ್ದನ್ನು ಬಿಚ್ಚಿಲ್ಲ. ಎಲ್ಲಿಂದ ಶುರು ಮಾಡಲಿ?

ಮಸ್ಕಿ_ಹುಡುಗ, ಸಿಂಧನೂರು

ಅಣ್ಣ, ಒತ್ತಿದಾಗ ಟಕ್ ಅಂತ ಸಣ್ಣ ಸದ್ದು ಬರುತ್ತಾ, ಇಲ್ಲ ಮೆತ್ತಗೆ ಟಿವಿ ರಿಮೋಟ್ ಥರ ಒಳಗೆ ಹೋಗುತ್ತಾ? ಮೊದಲು ಅದನ್ನು ನೋಡಿ. ನಂದು ಮೆತ್ತಗಿನದು ಇತ್ತು. ಬಿಚ್ಚಿದರೆ ಒಳಗೆ ರಬ್ಬರ್ ಹಾಳೆ, ಅದರ ಅಡಿಯಲ್ಲಿ ಕಪ್ಪು ಕಾರ್ಬನ್ ಗುಂಡಿ. ಆ ಕರಿ ಸವೆದರೆ ಕರೆಂಟ್ ಹರಿಯಲ್ಲ. ಮೊದಲು 6ಬಿ ಪೆನ್ಸಿಲ್ ಉಜ್ಜಿ ನೋಡಿದೆ, ನಾಲ್ಕು ದಿನ ಬಂತು, ಮತ್ತೆ ಅದೇ ಕಥೆ. ಆಮೇಲೆ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಚಿಕ್ಕ ಚಕ್ಕೆ ಕತ್ತರಿಸಿ, ತೆಳು ಡಬಲ್ ಟೇಪಿನಿಂದ ಆ ಗುಂಡಿಗೆ ಅಂಟಿಸಿದೆ. ಎರಡು ವರ್ಷ ಆಯ್ತು, ನಡೀತಿದೆ. ಬೋರ್ಡಿನ ಮೇಲಿನ ಗೆರೆ ಬಂಗಾರದ ಬಣ್ಣದ್ದಾದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಒರೆಸಬಹುದು, ಕಪ್ಪು ಬಣ್ಣದ್ದಾದರೆ ರಬ್ಬರ್ ಹಾಕಲೇಬೇಡಿ, ಅದು ಪ್ರಿಂಟ್ ಮಾಡಿದ ಕಾರ್ಬನ್, ಎದ್ದು ಬರುತ್ತದೆ.

ಹತ್ತಿಹೊಲ

ತಮ್ಮ, ಥ್ಯಾಂಕ್ಸ್. ನಮ್ಮದು ಟಕ್ ಅನ್ನುವ ಜಾತಿ. ಬೇರೆ ಬಟನ್‌ಗಳಲ್ಲಿ ಸದ್ದು ಚೊಕ್ಕವಾಗಿ ಬರುತ್ತದೆ, ಪ್ಲೇ ಬಟನ್‌ನಲ್ಲಿ ಮಂಕಾಗಿದೆ.

ಟೇಪುರಿಪೇರಿ, ಗಂಗಾವತಿ

ತಮ್ಮ, ಅದನ್ನು ಬಿಸಾಡಬೇಡ. ಮೂವತ್ತು ವರ್ಷ ಟೇಪ್‌ರೆಕಾರ್ಡರ್, ವಾಕ್‌ಮನ್ ಬಿಚ್ಚಿ ಜೋಡಿಸಿದವನು ಹೇಳುತ್ತಿದ್ದೇನೆ, ಬಟನ್ ಹೋಯ್ತು ಅಂತ ಬಂದದ್ದರಲ್ಲಿ ಬೋರ್ಡ್ ಹೋಗಿದ್ದು ಬಹಳ ಕಮ್ಮಿ. ಒಂದೋ ಮೇಲಿನ ಪ್ಲಾಸ್ಟಿಕ್ ಟೊಪ್ಪಿಗೆ ಸವೆದು ಅದರ ಕಾಲು ಸ್ವಿಚ್ಚಿಗೆ ಮುಟ್ಟುತ್ತಿರುವುದಿಲ್ಲ, ಒಂದೋ ಸ್ವಿಚ್ಚಿನ ಒಳಗಿನ ತಗಡಿಗೆ ಕಿಲುಬು ಹಿಡಿದಿರುತ್ತದೆ, ಇಲ್ಲಾಂದ್ರೆ ಸೋಲ್ಡರ್ ಬಿಟ್ಟಿರುತ್ತದೆ. ಈ ಮೂರರಲ್ಲಿ ಯಾವುದು ಅಂತ ತಿಳಿಯುವ ತನಕ ಕಾದ ಕಡ್ಡಿ ಹತ್ತಿರ ತರಬೇಡ.

ನಮ್ಮ ಕಡೆ ಧೂಳು ಎಂಥದ್ದು ಅಂತ ಗೊತ್ತಲ್ಲ. ನಮ್ಮೂರಲ್ಲಿ ರೈಸ್‌ಮಿಲ್ಲಿನ ತೌಡು, ನಿಮ್ಮಲ್ಲಿ ಹತ್ತಿಯ ಎಳೆ. ಅಂಗಿ ಜೇಬಿನ ಬೆವರು ಅದಕ್ಕೆ ಸೇರಿದರೆ ಬಟನ್ ಸಂದಿನಲ್ಲಿ ಅಂಟು ಹಿಡಿಯುತ್ತದೆ. ಬಿಚ್ಚಿದ ಮೇಲೆ ಸ್ವಿಚ್ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೂವತ್ತು ನಲವತ್ತು ಸಲ ಒತ್ತು. 99 ಪರ್ಸೆಂಟಿನದು ತಗೋ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಅಸಿಟೋನ್ ಇದ್ದರೆ ಪ್ಲಾಸ್ಟಿಕ್ಕೇ ಕರಗುತ್ತದೆ. ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಎಣ್ಣೆಯೂ ಬೇಡ, ಇವತ್ತು ಸರಿಯಾದ ಹಾಗೆ ಕಾಣುತ್ತದೆ, ಎಣ್ಣೆಗೆ ಧೂಳು ಹತ್ತಿ ತಿಂಗಳಿಗೆ ಇನ್ನೂ ಕೆಡುತ್ತದೆ.

ಕೊಪ್ಪಳ_ಕೋಟೆ

ಸುಮ್ನೆ ಯಾಕೆ ಒದ್ದಾಟ ಬ್ರದರ್, ಒಂದು ಸ್ಮಾರ್ಟ್‌ಫೋನ್ ಕೊಡಿಸಿ. ಬಾಯಲ್ಲಿ ಹೇಳಿದರೆ ಹಾಡು ಹಾಕುತ್ತದೆ.

ಹತ್ತಿಹೊಲ

ಕೊಡಿಸಿದ್ದೆ ಬ್ರದರ್. ಗಾಜಿನ ಮೇಲೆ ಬೆರಳಿಗೆ ಏನೂ ಸಿಗೋದಿಲ್ಲ ಅಂತಾರೆ ಅಪ್ಪ. ಬಾಯಲ್ಲಿ ಹೇಳಿದರೆ ಬೇರೆ ಯಾವುದೋ ಹಾಡು ಬರುತ್ತದೆ, ಅಮ್ಮನ ಪದ ಹುಡುಕೋಕೆ ಅದಕ್ಕೆ ಬರಲ್ಲ. ನೀವು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದೀರಿ, ಆದರೆ ನಮ್ಮ ಮನೆಗೆ ಅದು ಆಗಿಬರಲಿಲ್ಲ.

ಬಳ್ಳಾರಿ_ಲ್ಯಾಬ್

ನಾನು ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವವಳು. ಗಂಗಾವತಿ ಕಾಕಾ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಮೊಟ್ಟಮೊದಲು, ಸ್ಕ್ರೂ ಡ್ರೈವರ್ ಮುಟ್ಟುವುದಕ್ಕೂ ಮುಂಚೆ, ಪ್ಲೇಯರ್ ಅನ್ನು ಕಂಪ್ಯೂಟರಿಗೆ ಜೋಡಿಸಿ ಅಮ್ಮನ ರೆಕಾರ್ಡಿಂಗ್ ಎಲ್ಲ ಕಾಪಿ ಮಾಡಿ. ಒಂದಲ್ಲ, ಎರಡು ಜಾಗದಲ್ಲಿ ಇಡಿ. ಬಟನ್ ಹೋದರೆ ಇನ್ನೊಂದು ಸಿಗುತ್ತದೆ. ದಯವಿಟ್ಟು ಇದನ್ನು ಇವತ್ತೇ ಮಾಡಿ.

ಈಗ ಪ್ಲೇ ಒತ್ತಿದರೆ ಮುಂದಿನ ಹಾಡಿಗೆ ಯಾಕೆ ಹೋಗುತ್ತದೆ ಅನ್ನೋದು. ಇಂಥ ಚಿಕ್ಕ ಪ್ಲೇಯರ್‌ಗಳಲ್ಲಿ ಒಂದೊಂದು ಬಟನ್‌ಗೂ ಬೇರೆ ಬೇರೆ ತಂತಿ ಎಳೆಯದೆ, ಎಲ್ಲ ಬಟನ್‌ಗಳನ್ನೂ ಒಂದೇ ದಾರಿಗೆ ಜೋಡಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ಅಳತೆಯ ರೆಸಿಸ್ಟರ್, ಅಂದರೆ ಕರೆಂಟಿಗೆ ಅಡ್ಡಿ ಮಾಡುವ ಬಿಡಿಭಾಗ, ಇಡುವುದು ಸಾಮಾನ್ಯ. ಒತ್ತಿದಾಗ ಎಷ್ಟು ವೋಲ್ಟೇಜ್ ಬಂತು ಅನ್ನೋದರ ಮೇಲೆ ಚಿಪ್ ಯಾವ ಬಟನ್ ಅಂತ ಗುರುತು ಹಿಡಿಯುತ್ತದೆ. ಸ್ವಿಚ್ ಸವೆದರೆ ಅದರದ್ದೇ ಒಂದಿಷ್ಟು ಓಮ್ (ಆ ಅಡ್ಡಿಯ ಅಳತೆ) ಜಾಸ್ತಿ ಸೇರಿಕೊಳ್ಳುತ್ತದೆ. ಲೆಕ್ಕ ತಪ್ಪುತ್ತದೆ. ಚಿಪ್‌ಗೆ ಅದು ಪಕ್ಕದ ಬಟನ್ ಹಾಗೆ ಕಾಣುತ್ತದೆ. ಹಾಡು ಶುರುವಾಗಿ ನಿಲ್ಲುವುದೂ ಅಷ್ಟೇ, ಒಳಗಿನ ತಗಡು ಒಂದು ಒತ್ತಿಗೆ ಎರಡು ಮೂರು ಸಲ ಮುಟ್ಟಿ ಬಿಡುತ್ತಿದೆ. ಈ ಎರಡೂ ಲಕ್ಷಣ ನೋಡಿದರೆ ನನಗೆ ಟೊಪ್ಪಿಗೆಗಿಂತ ಸ್ವಿಚ್ ಮೇಲೇ ಅನುಮಾನ ಜಾಸ್ತಿ.

ಟಕ್ ಅನ್ನುವ ಈ ಚಿಕ್ಕ ಸ್ವಿಚ್ಚಿಗೆ ಟ್ಯಾಕ್ಟ್ ಸ್ವಿಚ್ ಅಂತಾರೆ. ಸಾಮಾನ್ಯವಾದದ್ದರ ಆಯುಸ್ಸು 1 ಲಕ್ಷ ಒತ್ತು ಅಂತ ಕಂಪನಿಯ ಡೇಟಾಶೀಟುಗಳಲ್ಲಿ ಬರೆದಿರುತ್ತಾರೆ. ನಿಮ್ಮ ತಂದೆ ದಿನಕ್ಕೆ 40 ಸಲ ಒತ್ತಿದರೂ ವರ್ಷಕ್ಕೆ 14,600, ಏಳು ವರ್ಷಕ್ಕೆ 1,02,200 ಆಯ್ತು. ಅದು ತನ್ನ ಕೆಲಸ ಮುಗಿಸಿದೆ. ಕ್ಲೀನ್ ಮಾಡಿ ನೋಡಿ, ಆದರೆ ಅದರ ಮೇಲೇ ಭರವಸೆ ಇಡಬೇಡಿ.

ಬಿಚ್ಚುವಾಗ ಸ್ಟಿಕ್ಕರ್ ಅಡಿಯಲ್ಲಿ ಸ್ಕ್ರೂ ಇದೆಯಾ ಅಂತ ಬೆರಳಾಡಿಸಿ ನೋಡಿ. ಅಂಚಿಗೆ ಹಳೇ ಎಟಿಎಂ ಕಾರ್ಡ್ ಹಾಕಿ ಎಬ್ಬಿಸಿ, ಚಾಕು ಬೇಡ, ಒಳಗೆ ಬ್ಯಾಟರಿ ಇದೆ. ಲಿಥಿಯಂ ಪಾಲಿಮರ್ ಬ್ಯಾಟರಿಗೆ ಚುಚ್ಚಿದರೆ ಬೆಂಕಿ ಹತ್ತುತ್ತದೆ. ಉಬ್ಬಿದ್ದರೆ ಆ ಬ್ಯಾಟರಿಯನ್ನು ಮತ್ತೆ ಬಳಸಬೇಡಿ. ಬ್ಯಾಟರಿ ತಂತಿ ಬೋರ್ಡಿಗೇ ಸೋಲ್ಡರ್ ಆಗಿದ್ದರೆ ಮೊದಲು ಕೆಂಪು ಒಂದನ್ನೇ ಬಿಡಿಸಿ, ತುದಿಗೆ ಟೇಪ್ ಸುತ್ತಿ, ಆಮೇಲೆ ಕಪ್ಪು. ಎರಡನ್ನೂ ಒಟ್ಟಿಗೆ ಕಟರಿನಿಂದ ಕತ್ತರಿಸಿದರೆ ಕಟರೇ ಶಾರ್ಟ್ ಮಾಡುತ್ತದೆ. ನಮ್ಮ ಲ್ಯಾಬಿನಲ್ಲಿ ಒಬ್ಬ ಹುಡುಗ ಹೀಗೆ ಮಾಡಿ ಬೆರಳು ಸುಟ್ಟುಕೊಂಡ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆಮೇಲೆ ಮಲ್ಟಿಮೀಟರ್ ಅನ್ನು ಓಮ್‌ಗೆ ಇಟ್ಟು ಸ್ವಿಚ್ಚಿನ ಎರಡು ಬದಿಗೆ ಮುಟ್ಟಿಸಿ ಒತ್ತಿ. ನಾಲ್ಕು ಕಾಲಿದ್ದರೆ ಎರಡೆರಡು ಒಳಗೇ ಜೋಡಿ ಇರುತ್ತವೆ, ಅದಕ್ಕೆ ಮೂಲೆಯಿಂದ ಮೂಲೆಗೆ ಹಿಡಿಯಿರಿ. ಒಳ್ಳೆ ಸ್ವಿಚ್ 1 ಓಮ್ ಒಳಗೇ ನಿಲ್ಲಬೇಕು, ಅಲುಗಾಡಬಾರದು.

ಹತ್ತಿಹೊಲ

ಅಕ್ಕ, ನೀವು ಹೇಳಿದ ಹಾಗೆ ಮೊದಲು ಕಾಪಿ ಮಾಡಿದೆ. ಅಮ್ಮನ ರೆಕಾರ್ಡಿಂಗ್ ಒಟ್ಟು 23 ಇದ್ದವು. ಲ್ಯಾಪ್‌ಟಾಪಿನಲ್ಲಿ ಒಂದು, ತಂಗಿಯ ಪೆನ್‌ಡ್ರೈವಿನಲ್ಲಿ ಒಂದು. ಇಷ್ಟು ವರ್ಷ ಒಂದೇ ಕಡೆ ಇತ್ತು ಅಂತ ನೆನೆಸಿಕೊಂಡರೆ ಎದೆ ಧಸಕ್ ಅನ್ನುತ್ತದೆ.

ನಿನ್ನೆ ಬಿಚ್ಚಿದೆ. ಸ್ಟಿಕ್ಕರ್ ಅಡಿಯಲ್ಲಿ ಎರಡು ಸ್ಕ್ರೂ ಇದ್ದವು. ಕಾಕಾ ಹೇಳಿದ್ದು ನಿಜ, ಪ್ಲೇ ಬಟನ್ ಸುತ್ತ ಹತ್ತಿ ಎಳೆ ಬೆವರಿಗೆ ಸೇರಿ ಗಟ್ಟಿ ಉಂಗುರದ ಹಾಗೆ ಕೂತಿತ್ತು. ಅಪ್ಪ ನಿವೃತ್ತಿ ಆಗುವ ತನಕ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು, ಇದು ಅಲ್ಲಿಯದೇ ಇರಬೇಕು. ಕ್ಲೀನ್ ಮಾಡಿದ ಮೇಲೆ ಅಳೆದೆ. ವಾಲ್ಯೂಮ್ ಸ್ವಿಚ್ 0.4 ಓಮ್, ಅಲುಗಾಡಲಿಲ್ಲ. ಪ್ಲೇ ಸ್ವಿಚ್ ಮೊದಲು 80, ಮತ್ತೆ ಒತ್ತಿದರೆ 300, ಮೆಲ್ಲಗೆ ಒತ್ತಿದರೆ 2 ಕಿಲೋ ಓಮ್ ತನಕ ಹೋಯ್ತು. ಅಂದರೆ ಸ್ವಿಚ್ಚೇ ಅಲ್ವಾ?

ಆದರೆ ಅದೇ ಅಳತೆಯ ಸ್ವಿಚ್ ಇಲ್ಲಿ ಸಿಗುತ್ತಿಲ್ಲ. ತೀನ್ ಕಂದೀಲ್ ಸುತ್ತಮುತ್ತ ಮೂರು ಕಡೆ ಕೇಳಿದೆ. ಎಲ್ಲರ ಹತ್ತಿರ ದೊಡ್ಡದೇ ಇದೆ. ಹೈದರಾಬಾದಿಗೇ ಹೋಗಬೇಕಾ?

ಟೇಪುರಿಪೇರಿ, ಗಂಗಾವತಿ

ಹೈದರಾಬಾದಿನಲ್ಲಿ ಕೋಠಿಯ ಗುಜರಾತಿ ಗಲ್ಲಿ, ಬೆಂಗಳೂರಲ್ಲಿ ಎಸ್.ಪಿ. ರಸ್ತೆ, ಎರಡೂ ಕಡೆ ಸಿಗುತ್ತದೆ. ಆದರೆ ಎತ್ತರ ಅಳೆಯದೆ ತರಬೇಡ. ಅರ್ಧ ಮಿಲಿಮೀಟರ್ ಜಾಸ್ತಿಯಾದರೂ ಮುಚ್ಚಳ ಹಾಕಿದ ಕೂಡಲೇ ಬಟನ್ ಒತ್ತಿಕೊಂಡೇ ಇರುತ್ತದೆ, ಪ್ಲೇಯರ್ ಏಳೋದೇ ಇಲ್ಲ. ಹಳೇ ಮೌಸ್, ಸೆಟ್‌ಟಾಪ್ ಬಾಕ್ಸ್ ಇದ್ದರೆ ಬಿಚ್ಚಿ ನೋಡು, ಅವುಗಳಲ್ಲೂ ಟ್ಯಾಕ್ಟ್ ಸ್ವಿಚ್ ಇರುತ್ತವೆ.

ಬಳ್ಳಾರಿ_ಲ್ಯಾಬ್

ತಮ್ಮ, ಒಂದು ಕೇಳುತ್ತೇನೆ. ಏಳು ಬಟನ್‌ನಲ್ಲಿ ನಿಮ್ಮ ತಂದೆ ಮುಟ್ಟದೇ ಇರುವ ಬಟನ್ ಯಾವುದಾದರೂ ಇದೆಯಾ? ಹಾಡಿನ ಒಂದು ತುಣುಕನ್ನೇ ಮತ್ತೆ ಮತ್ತೆ ಹಾಕುವ ಎ-ಬಿ ರಿಪೀಟ್ ಅಂತ ಒಂದು ಇರುತ್ತಲ್ಲ, ಅಂಥದ್ದು? ಇದ್ದರೆ ಆ ಸ್ವಿಚ್ಚನ್ನು ಕಿತ್ತು ಪ್ಲೇ ಜಾಗಕ್ಕೆ ಹಾಕಿ, ಸವೆದದ್ದನ್ನು ಅಲ್ಲಿಗೆ ಹಾಕಿ. ಅದೇ ಬೋರ್ಡು, ಅದೇ ಅಳತೆ, ಅದೇ ಎತ್ತರ. ಅದು ಹೆಚ್ಚುಕಮ್ಮಿ ಹೊಸದೇ.

ಕೀಳುವಾಗ ಅವಸರ ಬೇಡ. ಕಂಪನಿಯಿಂದ ಬಂದ ಸೋಲ್ಡರ್ ಸೀಸ ಇಲ್ಲದ್ದಾದರೆ ಕರಗಲು ಸುಮಾರು 217 ಡಿಗ್ರಿ ಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) 190 ಡಿಗ್ರಿ ಒಳಗೇ ಕರಗುತ್ತದೆ. ಅದಕ್ಕೆ ಮೊದಲು ಎಲ್ಲ ಕಾಲಿಗೂ ಹೊಸ ಸೋಲ್ಡರ್ ಧಾರಾಳವಾಗಿ ಹಾಕಿ, ಹಳೆಯದರ ಜೊತೆ ಬೆರೆಯಲಿ. ಆಮೇಲೆ ಒಂದು ಬದಿ, ಇನ್ನೊಂದು ಬದಿ, ಹೀಗೆ ಬದಲಿಸಿ ಬದಲಿಸಿ ಕಾಯಿಸಿದರೆ ಸ್ವಿಚ್ ತಾನೇ ಜಾರಿ ಬರುತ್ತದೆ. ಎಳೆಯಬೇಡಿ. ಎಳೆದರೆ ಬೋರ್ಡಿನ ತಾಮ್ರದ ಪಟ್ಟಿ ಕಿತ್ತು ಬರುತ್ತದೆ, ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇಲ್ಲ. ಸೋಲ್ಡರ್ ಚೆನ್ನಾಗಿ ಹರಿದು ಹಿಡಿಯಲು ಹಚ್ಚುವ ಫ್ಲಕ್ಸ್ ಇಲ್ಲದೆ ಕೂರಬೇಡಿ. ಒಂದು ಕಾಲಿಗೆ ಮೂರು ನಾಲ್ಕು ಸೆಕೆಂಡಿಗಿಂತ ಜಾಸ್ತಿ ಕಡ್ಡಿ ಇಡಬೇಡಿ. ಕಿಟಕಿ ತೆಗೆದಿಡಿ, ಮುಗಿದ ಮೇಲೆ ಕೈ ತೊಳೆಯಿರಿ, ಅದು ಸೀಸ.

ಟೇಪುರಿಪೇರಿ, ಗಂಗಾವತಿ

ಈ ಯೋಚನೆ ನನಗೆ ಹೊಳೆದಿರಲಿಲ್ಲ, ಬಹಳ ಚೆನ್ನಾಗಿದೆ ತಂಗಿ.

ತಮ್ಮ, ಸ್ವಿಚ್ ಆದ ಮೇಲೆ ಟೊಪ್ಪಿಗೆ ಕಡೆಗೂ ನೋಡು. ಅಪ್ಪಾರಿಗೆ ಬೆರಳಿಗೆ ಗುರುತು ಸಿಗಬೇಕಲ್ಲ, ಅವರಿಗೆ ಸ್ವಿಚ್ಚಿನಷ್ಟೇ ಅದೂ ಮುಖ್ಯ. ಟೊಪ್ಪಿಗೆಯನ್ನು ಹೊರಗೆ ತೆಗೆದು, ನುಣುಪು ಹೋಗುವಷ್ಟು ಪಾಲಿಶ್ ಪೇಪರ್ ಉಜ್ಜಿ, ಅರಾಲ್ಡೈಟ್ ಎರಡೂ ಟ್ಯೂಬಿನದು ಸಮ ಕಲಸಿ ಸೂಜಿ ತುದಿಯಿಂದ ಒಂದು ಹನಿ ಇಡು. ಒಂದು ರಾತ್ರಿ ಬಿಡು. ಸಾಸಿವೆ ಕಾಳಿನಷ್ಟು ಉಬ್ಬು ನಿಲ್ಲುತ್ತದೆ. ಫೆವಿಕ್ವಿಕ್ ಬೇಡ, ಅದರ ಹೊಗೆಗೆ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ಸಂದಿಗೆ ಹರಿದರೆ ಬಟನ್ ಕೂತುಬಿಡುತ್ತದೆ.

ಹತ್ತಿಹೊಲ

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಆಯ್ತು!

ಎ-ಬಿ ಬಟನ್ ಇತ್ತು. ಅಪ್ಪನಿಗೆ ಅದು ಯಾಕಿದೆ ಅಂತಲೇ ಗೊತ್ತಿರಲಿಲ್ಲ. ಮೊದಲು ಒಂದು ಕೆಟ್ಟ ಸೆಟ್‌ಟಾಪ್ ಬಾಕ್ಸಿನ ಬೋರ್ಡಿನಲ್ಲಿ ನಾಲ್ಕು ಸ್ವಿಚ್ ಕಿತ್ತು ಹಾಕಿ ಕೈ ಪಳಗಿಸಿಕೊಂಡೆ. ಆ ಅಭ್ಯಾಸ ಇಲ್ಲದಿದ್ದರೆ ಪ್ಲೇಯರ್ ಹಾಳಾಗುತ್ತಿತ್ತು, ಯಾಕಂದ್ರೆ ಅದರಲ್ಲಿ ಮೊದಲನೇ ಸ್ವಿಚ್ ಎಳೆದು ಒಂದು ಪಟ್ಟಿ ಕಿತ್ತೇ ಬಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಫ್ಯಾನ್ ಆರಿಸಿ ಕೂತೆ. ಎರಡೂ ಸ್ವಿಚ್ ಅದಲುಬದಲು ಮಾಡಲು ಒಂದೂವರೆ ತಾಸು ಬೇಕಾಯ್ತು. ಅಳೆದರೆ ಪ್ಲೇ ಈಗ 0.4 ಓಮ್. ಹತ್ತು ಸಲ ಒತ್ತಿದೆ, ಹತ್ತು ಸಲವೂ 0.4.

ಅರಾಲ್ಡೈಟ್ ಹನಿ ರಾತ್ರಿಯೆಲ್ಲ ಒಣಗಿಸಿದೆ. ಮೊದಲ ಹನಿ ದೊಡ್ಡದಾಗಿತ್ತು, ಅಪ್ಪ ಮುಟ್ಟಿ ನೋಡಿ "ಚುಚ್ಚುತ್ತದೆ" ಅಂದರು, ಪಾಲಿಶ್ ಪೇಪರಿನಿಂದ ತಗ್ಗಿಸಿದೆ. ಮತ್ತೆ ಕೊಟ್ಟಾಗ ಏನೂ ಮಾತಾಡಲಿಲ್ಲ, ಹೆಬ್ಬೆರಳು ಒಂದು ಸಲ ಆ ಉಬ್ಬಿನ ಮೇಲೆ ಓಡಿತು, ಟಕ್ ಅಂತು, ಅಮ್ಮನ ಪದ ಶುರುವಾಯ್ತು. ನಿಲ್ಲಿಸಿದರು. ಮತ್ತೆ ಹಚ್ಚಿದರು. ಹಾಗೆ ನಾಲ್ಕು ಸಲ ಮಾಡಿದರು.

ಅಕ್ಕ, ಸ್ವಿಚ್ಚಿನ ಎತ್ತರ ಅಳೆದು ಬರೆದಿಟ್ಟಿದ್ದೇನೆ, ಮೇಲಿನ ಒತ್ತುವ ಗುಬ್ಬಿ ಸೇರಿ 2 ಮಿಲಿಮೀಟರ್, ಮೈ 3 ಕ್ಕೆ 4. ಮುಂದಿನ ತಿಂಗಳು ತಂಗಿ ಹೈದರಾಬಾದಿಗೆ ಹೋಗುತ್ತಾಳೆ, ಹತ್ತು ತರಿಸುತ್ತೇನೆ. ರಾಯಚೂರು ಸುತ್ತ ಯಾರಿಗಾದರೂ ಇದೇ ಅಳತೆ ಬೇಕಿದ್ದರೆ ಇಲ್ಲೇ ಕೇಳಿ, ಎರಡು ಇಟ್ಟುಕೊಂಡು ಉಳಿದದ್ದನ್ನು ಕೊಡುತ್ತೇನೆ.