ಸಹಾಯ ಬೇಕು: ಫ್ಯಾಕ್ಟರಿ ಬಿಟ್ಟು ಪಾಠ ಹೇಳೋಕೆ ಹೋಗ್ಲಾ?

ಎಲ್ರಿಗೂ ನಮಸ್ಕಾರ. ಮಂಡ್ಯ ಹತ್ರದ ಹಳ್ಳಿಯವನು. ಡಿಪ್ಲೊಮಾ ಮುಗಿಸಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರೀಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯೋ ಮೆಷಿನ್) ಆಪರೇಟರ್ ಆಗಿದ್ದೀನಿ. 4 ವರ್ಷ 2 ತಿಂಗಳಾಯ್ತು. ಸಂಬಳ 23 ಸಾವಿರ, ಪಿಎಫ್ ಇದೆ. ಆದ್ರೆ ದಿನವಿಡೀ ಅದೇ ಪೀಸು ಹಾಕೋದು, ತೆಗೆಯೋದು. ನೈಟ್ ಶಿಫ್ಟ್ ಮುಗಿಸಿ ರೈಲಲ್ಲಿ ಕೂತ್ರೆ ಕೈಯಲ್ಲಿ ಮೆಷಿನ್ ತಣ್ಣಗಿಡೋ ಕೂಲೆಂಟ್ ವಾಸನೆ, ಮನಸ್ಸೆಲ್ಲ ಖಾಲಿ.

ಹೋದ ಬೇಸಿಗೇಲಿ ನಮ್ಮೂರ ಐಟಿಐ ಹುಡುಗ್ರಿಗೆ ಭಾನುವಾರ ವರ್ನಿಯರ್ ಕ್ಯಾಲಿಪರ್ (ತುಂಬ ಸಣ್ಣ ಅಳತೆ ತೆಗೆಯೋ ಉಪಕರಣ) ಓದೋದು ಹೇಳ್ಕೊಟ್ಟೆ. ಮೂರು ವಾರ ಒದ್ದಾಡಿದ ಒಬ್ಬ ಹುಡುಗ 0.02 ಮಿ.ಮೀ. ಗೆರೆ ಸರಿಯಾಗಿ ಹಿಡಿದು ‘ಅಣ್ಣ, ಸಿಕ್ತು!’ ಅಂದ. ಆ ಮುಖ ಇನ್ನೂ ಕಣ್ಮುಂದೆ ಇದೆ.

ಈಗ ಒಂದು ಖಾಸಗಿ ಐಟಿಐನವ್ರು ಕರೀತಿದ್ದಾರೆ, 14 ಸಾವಿರಕ್ಕೆ. ಫ್ಯಾಕ್ಟರೀಲೇ ಟ್ರೈನಿಂಗ್ ವಿಭಾಗಕ್ಕೆ ಹಾಕಿ ಅಂತ ಎರಡು ಸಲ ಕೇಳ್ದೆ, ಜಾಗ ಇಲ್ಲ ಅಂದ್ರು. ‘ಕಬ್ಬಿನ ದುಡ್ಡು ನಂಬ್ಕೊಂಡು ಕೂರಕ್ಕಾಯ್ತದೇನ್ಲಾ’ ಅಂತಾರೆ ಅಪ್ಪ. ಅವ್ರ ಮಾತಲ್ಲಿ ತಪ್ಪಿಲ್ಲ, ತಂಗಿ ಫೀಸು ಕಟ್ತಿರೋದು ನಾನೇ.

ಫ್ಯಾಕ್ಟರೀಲಿ 5 ವರ್ಷ ತುಂಬಿದ್ರೆ ಗ್ರಾಚ್ಯುಟಿ (ಕೆಲ್ಸ ಬಿಡುವಾಗ ಕಂಪನಿ ಕೊಡೋ ಇಡುಗಂಟು) ಸಿಗುತ್ತೆ. ಆಮೇಲೆ 1 ವರ್ಷದ ಸಿಐಟಿಎಸ್ ಬೋಧಕ ತರಬೇತಿ ಮಾಡಿದ್ರೆ ಸರ್ಕಾರಿ ಐಟಿಐಗೂ ಪ್ರಯತ್ನಿಸಬಹುದು, ಆದ್ರೆ ಆ ವರ್ಷ ಸಂಬಳ ಇರಲ್ಲ.

ಫ್ಯಾಕ್ಟರಿ ಬಿಟ್ಟು ಬೋಧಕರಾದವರು ಇದ್ರೆ ದಯವಿಟ್ಟು ಹೇಳಿ: ಈಗ್ಲೇ 14 ಸಾವಿರಕ್ಕೆ ಸೇರ್ಕೊಳ್ಳೋದಾ, ಇಲ್ಲ 10 ತಿಂಗಳು ತಡ್ಕೊಂಡು ಸಿಐಟಿಎಸ್ ಮಾಡೋದಾ?